ಅರಮನೆಯ ತೊಟ್ಟಿಗೆ ಕನ್ನಡದಲ್ಲೇ ಕಾಲಿಡಿ

(ಬೆಂಗಳೂರಿನ ಬಡಾವಣೆಯೊಂದರ ಯುವಕರ ಕೂಟದಲ್ಲಿ ಆಡಿದ ಮಾತು)



ನಿಮ್ಮಲ್ಲಿ ಎಷ್ಟು ಮಂದಿ ಮೈಸೂರು ಅರಮನೆ ನೋಡಿದ್ದೀರಿ? ಎಲ್ಲರೂ ಕೈ ಎತ್ತಿದಿರಿ. ಸಂತೋಷ. ಅಲ್ಲಿ ಗೊಂಬೆ ತೊಟ್ಟಿ ಎಲ್ಲಿದೆ, ಹೇಳಿ ನೋಡೋಣ? ಕೈಗಳೆಲ್ಲ ಕೆಳಗಿಳಿದವು! ನಾಚಿಕೆ ಬೇಡ. ಹೋದ ತಿಂಗಳವರೆಗೆ ನನ್ನ ಪಾಡೂ ಇದೇ ಆಗಿತ್ತು.

ಒಂದು ಭಾನುವಾರ ಬೆಳಗಿನ ರೈಲಿಗೆ ನಾವು ಹತ್ತು ಮಂದಿ ಹೊರಟೆವು. ವರಾಹ ದ್ವಾರದ ಕಡೆಯಿಂದ ಒಳಹೊಕ್ಕು, ಚಪ್ಪಲಿ ಬಿಟ್ಟು, ಒಬ್ಬ ಗೈಡನ್ನು ಗೊತ್ತು ಮಾಡಿಕೊಂಡೆವು. "ಹೌ ಮಚ್?" ಎಂದು ಕೇಳಿದವನು ನಮ್ಮ ಹುಡುಗನೇ! ಆತ ಇಂಗ್ಲಿಷಿನಲ್ಲೇ ಶುರುಮಾಡಿದ. "ಡಾಲ್ಸ್ ಪೆವಿಲಿಯನ್", "ಮ್ಯಾರೇಜ್ ಹಾಲ್" ಎಂದು ಬಾಯಿಪಾಠ ಒಪ್ಪಿಸಿದ. ಅರ್ಥವಾದವರಂತೆ ನಾವು ತಲೆಯಾಡಿಸಿದೆವು.

ಆಗ ಹಿಂದೆ ಬರುತ್ತಿದ್ದ ಹಳ್ಳಿಯ ಅಜ್ಜಿಯೊಬ್ಬರು ಕೇಳಿದರು: "ಇದೇನಪ್ಪ, ನಮ್ ತೊಟ್ಟಿ ಮನೆ ಇದ್ದಂಗದಲ್ಲ?"

ಗೈಡ್ ತಟ್ಟನೆ ತಿರುಗಿದ. ಮುಖ ಅರಳಿತು. "ಹೂಂ ಕಣವ್ವ, ತೊಟ್ಟಿ ಮನೆನೇ! ದೊಡ್ಡೋರ ತೊಟ್ಟಿ ಮನೆ!"

ಅಲ್ಲಿಂದ ಮುಂದೆ ಆತ ಬೇರೆ ಮನುಷ್ಯನೇ ಆದ. ಗೊಂಬೆ ತೊಟ್ಟಿ, ಸವಾರಿ ತೊಟ್ಟಿ, ಕರಿಕಲ್ಲು ತೊಟ್ಟಿ, ಕನ್ನಡಿ ತೊಟ್ಟಿ ಎಂದು ಒಂದೊಂದೇ ಹೆಸರು ಬಿಡಿಸಿ ಹೇಳಿದ. ದಸರೆಯಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ನಡೆಯುವುದೂ ಇಂಥ ತೊಟ್ಟಿಯಲ್ಲೇ ಎಂದ.

ಗೆಳೆಯರೆ, ಆ ಅಜ್ಜಿ ಕಂಡದ್ದು ನಿಜ. ಹಳೆಯದು ಮರದ ಅರಮನೆ. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ವೇಳೆ ಬೆಂಕಿಗೆ ಸಿಕ್ಕಿ ಹಾಳಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರು ಆಗಿನ್ನೂ ಬಾಲಕ. ರಾಜ್ಯಭಾರ ತಾಯಿ ವಾಣಿವಿಲಾಸ ಸನ್ನಿಧಾನದವರದು. ಶಿಮ್ಲಾದ ವೈಸ್‌ರಾಯ್ ಬಂಗಲೆಯ ನಕ್ಷೆ ಬರೆದಿದ್ದ ಹೆನ್ರಿ ಇರ್ವಿನ್‌ಗೆ ಕೆಲಸ ಒಪ್ಪಿಸಿದರು. 1912ರಲ್ಲಿ ಮುಗಿಯಿತು. ಖರ್ಚು 41 ಲಕ್ಷ ರೂಪಾಯಿಗೂ ಮೇಲೆ. ಕಲ್ಯಾಣ ಮಂಟಪದ ಕಬ್ಬಿಣದ ಕಂಬ ಗ್ಲಾಸ್ಗೋದ್ದು, ನವಿಲಿನ ಬಣ್ಣದ ಗಾಜೂ ಅಲ್ಲಿಯದೇ. ಆದರೆ ಒಳಗಿನ ವಿನ್ಯಾಸ? ಹಳೆಯ ಅರಮನೆಯದೇ! ಗುಮ್ಮಟ ಯಾರದಾದರೂ ಆಗಲಿ, ತೊಟ್ಟಿ ನಮ್ಮದು.

ಅದೇ ಮಂಟಪದ ಗೋಡೆ ನೋಡಿ. ದಸರಾ ಮೆರವಣಿಗೆಯ 26 ಚಿತ್ರಗಳಿವೆ. ಬರೆದವರು ವೈ. ನಾಗರಾಜು, ಕೆ. ಕೇಶವಯ್ಯ ಮೊದಲಾದ ನಮ್ಮ ಕಲಾವಿದರು. ಆನೆ, ಕುದುರೆ, ಪೇಟ ತೊಟ್ಟ ಜನ ಎಲ್ಲವೂ ಫೋಟೋ ಎದುರಿಟ್ಟುಕೊಂಡು ಬರೆದದ್ದು. ಇವರ ಹೆಸರು ನಮಗೆ ಯಾರು ಕಲಿಸಿದರು? ಯಾರೂ ಇಲ್ಲ. ನಾವಾದರೂ ಕೇಳಿದೆವೆ?

ಮಧ್ಯಾಹ್ನ ಹೊರಗಿನ ತೋಟದಲ್ಲಿ ಕೂತೆವು. ಹೂವಿನ ಪಾತಿಗಳ ನಡುವೆ ಹೆಂಗಸರು ಕಳೆ ಕೀಳುತ್ತಿದ್ದರು. ನಮ್ಮ ಹುಡುಗ ಈಗ ಕನ್ನಡದಲ್ಲೇ ಮಾತಾಡಿಸಿದ: "ಅಕ್ಕಾ, ಇದ್ಯಾವ ಹೂವು?" ಅವರು ಹೂವಿನ ಹೆಸರು ಹೇಳಿ, ಯಾವ ತಿಂಗಳು ಏನು ನೆಡುತ್ತಾರೆ ಎಂಬುದನ್ನೂ ಹೇಳಿದರು. ಸಂಜೆ ಸುಮಾರು ಒಂದು ಲಕ್ಷ ದೀಪ ಒಮ್ಮೆಗೇ ಹತ್ತಿದಾಗ ಅವನು ಫೋಟೋ ತೆಗೆಯುವುದನ್ನೂ ಮರೆತು ನಿಂತಿದ್ದ.

ವಾಪಸು ರೈಲಿನಲ್ಲಿ ಅವನೇ ಎಂದ: "ಅಣ್ಣ, ತಪ್ಪು ಗೈಡಿಂದಲ್ಲ. ನಂದು."

ಹೌದು. ಅವರಿಗೆ ಕನ್ನಡ ಬರುತ್ತದೆ. ಕೇಳುವವರಿಲ್ಲದೆ ಅದು ಗಂಟಲಲ್ಲೇ ಉಳಿದಿದೆ. ಕೇಳುವವರು ಹೀಗೇ ಕಡಿಮೆಯಾದರೆ ನಾಳಿನ ಗೈಡಿಗೆ ಗೊಂಬೆ ತೊಟ್ಟಿ ಎಂಬ ಮಾತೇ ಗೊತ್ತಿರುವುದಿಲ್ಲ. ಆಗ ಕೂಗಾಡಿ ಫಲವೇನು?

ಆದ್ದರಿಂದ ಮುಂದಿನ ಭಾನುವಾರ ನೀವೂ ಹೊರಡಿ. ತಮ್ಮ, ತಂಗಿಯರನ್ನು ಕರೆದುಕೊಂಡು ಹೋಗಿ. ಬಾಗಿಲಲ್ಲಿ ಮೊದಲ ಮಾತು ಕನ್ನಡದ್ದಾಗಲಿ: "ಎಷ್ಟಾಗತ್ತಣ್ಣ? ಎಲ್ಲಾ ತೊಟ್ಟಿ ತೋರಿಸಬೇಕು!"

ಮುಂದಿನ ಸಭೆಯಲ್ಲಿ ಇದೇ ಪ್ರಶ್ನೆ ಮತ್ತೆ ಕೇಳುತ್ತೇನೆ. ಎತ್ತಿದ ಕೈ ಆಗ ಇಳಿಯಬಾರದು.

ಸಿರಿಗನ್ನಡಂ ಗೆಲ್ಗೆ!