ಬಾಡಿಗೆಗೆ ಸಿದ್ಧವಾಗುವ ಹಳೆಯ ಮನೆ

ಹಳೆಯ ಮನೆಯೊಂದನ್ನು ಮೊದಲ ಸಲ ಬಾಡಿಗೆಗೆ ಸಿದ್ಧಪಡಿಸುವಾಗ ಖರ್ಚು ನೀರಿನಿಂದ ಆರಂಭವಾಗಬೇಕು. ತಾರಸಿಯ ಬಿರುಕು, ಬಚ್ಚಲಿನ ಟೈಲ್ಸ್ ಸಂದು, ಗೋಡೆಯೊಳಗಿನ ತುಕ್ಕು ಹಿಡಿದ ಪೈಪು, ಇವುಗಳಿಂದ ಜಿನುಗುವ ನೀರು ನಿಲ್ಲದ ಹೊರತು ಮೇಲೆ ಬಳಿದ ಬಣ್ಣ ಒಂದೇ ಮಳೆಗಾಲಕ್ಕೆ ಹಪ್ಪಳದಂತೆ ಏಳುತ್ತದೆ. ಹೊಸದಾಗಿ ಮೆತ್ತಿದ ಸಿಮೆಂಟ್ ಗಾರೆಗೆ ಕನಿಷ್ಠ 7 ದಿನ ನೀರುಣಿಸಬೇಕು. ಅದು ಪೂರ್ತಿ ಒಣಗಿದ ಮೇಲಷ್ಟೇ ಪ್ರೈಮರ್.

ಎರಡನೆಯದು ವಿದ್ಯುತ್. ಇಲ್ಲಿ ಉಳಿತಾಯ ಖಂಡಿತ ಸಲ್ಲದು. ಹಳೆಯ ವೈರಿಂಗ್ ನಾಲ್ಕು ಬಲ್ಬು, ಎರಡು ಫ್ಯಾನುಗಳ ಕಾಲದ್ದು. ಗೀಸರ್, ಇಂಡಕ್ಷನ್ ಒಲೆಯ ಹೊರೆಯನ್ನು ಅದು ತಾಳದು. ಅರ್ಥಿಂಗ್ ಸರಿಪಡಿಸಿ, 30 ಮಿಲಿಆಂಪಿಯರ್ ಸೋರಿಕೆಗೇ ವಿದ್ಯುತ್ ಕಡಿಯುವ ಆರ್‌ಸಿಸಿಬಿ ಕೂರಿಸುವುದೆಂದರೆ ಒಂದು ಸಂಸಾರದ ಜೀವ ಕಾಯುವ ಕೆಲಸ.

ಉಳಿಸಲು ಬೇರೆ ಜಾಗಗಳಿವೆ. ಮೈಸೂರು, ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಕಾಣುವ ರೆಡ್ ಆಕ್ಸೈಡ್ ನೆಲವನ್ನು ಅಗೆದು ಟೈಲ್ಸ್ ಹಾಕಬೇಕಾಗಿಲ್ಲ. ಬಿರುಕು ತುಂಬಿ ಪಾಲಿಶ್ ಮಾಡಿಸಿದರೆ ಅದು ಮತ್ತೆ ಹೊಳೆಯುತ್ತದೆ, ಬೇಸಿಗೆಯಲ್ಲಿ ಕಾಲಿಗೆ ತಂಪು. ತೇಗದ ಬಾಗಿಲಿದ್ದರೆ ಉಜ್ಜಿ ವಾರ್ನಿಷ್ ಕೊಟ್ಟರೆ ಸಾಕು. ಅಂಥ ಮರ ಇಂದು ಕೊಳ್ಳಹೋದರೆ ಬಲು ದುಬಾರಿ. ಗಟ್ಟಿಯಾಗಿರುವ ಕಡಪ ಕಲ್ಲಿನ ಅಡುಗೆಕಟ್ಟೆಯೂ ಹಾಗೆಯೇ ಉಳಿಯಬಹುದು.

ಸುಣ್ಣಬಣ್ಣ ಕೊನೆಗೆ.

ರಿಪೇರಿಯ ರಸೀದಿಗಳನ್ನು ತೆರಿಗೆಯ ಲೆಕ್ಕಕ್ಕೆ ನಂಬಿ ಕೂರುವಂತಿಲ್ಲ. ಬಾಡಿಗೆಯಿಂದ ಆಸ್ತಿ ತೆರಿಗೆ ಕಳೆದು ಉಳಿದ ಮೊತ್ತದಲ್ಲಿ ಶೇ. 30ರಷ್ಟನ್ನು ಆದಾಯ ತೆರಿಗೆ ಕಾನೂನು ಕಡಿತವಾಗಿ ಕೊಡುತ್ತದೆ. ರಿಪೇರಿಗೆ ಎಷ್ಟೇ ಖರ್ಚಾಗಿದ್ದರೂ ಆ ಪ್ರಮಾಣ ಬದಲಾಗುವುದಿಲ್ಲ.