ಅಂತೆ-ಕಂತೆಗಳ ವಿಷ

(ಶ್ರಾವಣ ಮಾಸದ ಪ್ರವಚನ ಮಾಲಿಕೆಯಲ್ಲಿ ಶ್ರೀಮಠದ ಸಭಾಮಂಟಪದಲ್ಲಿ ಪೂಜ್ಯರು ನೀಡಿದ ಉಪದೇಶ)



ನಿನ್ನೆ ಸಾಯಂಕಾಲ ನಮ್ಮ ಪ್ರಸಾದನಿಲಯದ ಒಬ್ಬ ಹುಡುಗ ಬಂದು ನಮಸ್ಕಾರ ಮಾಡಿ ನಿಂತುಕೊಂಡ. ಏನೋ ಕೇಳಬೇಕೆಂಬ ಆಸೆ, ಕೇಳಲು ಸಂಕೋಚ. ‘ಏನಪ್ಪಾ?’ ಎಂದೆವು. ‘ಅಜ್ಜಾರ, ಇಂಗ್ಲೆಂಡಿನ್ಯಾಗ ಪಾಲ್ ಮೆಕಾರ್ಟ್ನಿ ಅಂತ ದೊಡ್ಡ ಹಾಡುಗಾರ. ಅಂವ 1966ರಾಗ ಮೋಟಾರು ಅಪಘಾತದಾಗ ಸತ್ತುಹೋದನಂತ. ಆಮ್ಯಾಲೆ ಅವನ ಹೆಸರಿನ್ಯಾಗ ಹಾಡಿದಾಂವ ಅವನಂಗ ಕಾಣೋ ಬ್ಯಾರೆ ಮನಿಷ್ಯಾನಂತ. ಖರೇ ಏನ್ರಿ?’ ಎಂದು ಕೇಳಿದ.

ಮೊದಲು ನಮಗೆ ನಗು ಬಂದಿತು. ಆಮೇಲೆ, ಇದು ನಕ್ಕು ಬಿಡುವ ಮಾತಲ್ಲ ಎನಿಸಿತು. ನಾವು ಪಾಠಶಾಲೆಯಲ್ಲಿ ತರ್ಕಸಂಗ್ರಹ ಓದಿದವರು. ಪಾಶ್ಚಾತ್ಯ ಸಂಗೀತದ ಪರಿಚಯ ನಮಗೆ ಅಷ್ಟಾಗಿ ಇಲ್ಲ. ಭಕ್ತರಾದ ಪ್ರಾಧ್ಯಾಪಕರೊಬ್ಬರನ್ನು ಕರೆಸಿ ವಿಚಾರಿಸಿದೆವು, ಅವರು ತಂದ ಪುಸ್ತಕಗಳನ್ನು ರಾತ್ರಿಯೆಲ್ಲ ತಿರುವಿ ನೋಡಿದೆವು. ಹೆಸರಾಂತ ಸಂಗೀತಗಾರರ ಬಗ್ಗೆ ಜನ ಇಂಥ ಕಥೆಗಳನ್ನು ಏಕೆ ನಂಬುತ್ತಾರೆ ಎಂಬುದೇ ಇಂದಿನ ನಮ್ಮ ಚಿಂತನೆ.

ಮೊದಲು ಆ ಹುಡುಗನ ಮಾತಿನ ಒಂದು ಶಬ್ದವನ್ನು ಗಮನಿಸಿರಿ. ‘ಸತ್ತುಹೋದನಂತೆ’ ಎಂದ, ‘ಸತ್ತುಹೋದ’ ಎನ್ನಲಿಲ್ಲ. ‘ಇದನ್ನು ನಾನು ಕಣ್ಣಾರೆ ಕಂಡಿಲ್ಲ, ಕಿವಿಯಿಂದ ಕೇಳಿದ್ದೇನೆ’ ಎಂಬ ಇಡೀ ವಾಕ್ಯವನ್ನು ನಮ್ಮ ಹಿರಿಯರು ‘ಅಂತೆ’ ಎಂಬ ಎರಡಕ್ಷರದಲ್ಲಿ ಅಡಗಿಸಿ ಇಟ್ಟಿದ್ದಾರೆ. ಆದರೆ ಆಗುವುದೇನು? ಮೊದಲನೆಯವನು ‘ಮಾಡಿದನಂತೆ’ ಎನ್ನುತ್ತಾನೆ. ಎರಡನೆಯವನೂ ಹಾಗೆಯೇ ಎನ್ನುತ್ತಾನೆ. ಮೂರನೆಯವನ ಬಾಯಿಗೆ ಬರುವ ಹೊತ್ತಿಗೆ ‘ಅಂತೆ’ ಉದುರಿಹೋಗಿ ‘ಮಾಡಿದ’ ಎಂಬುದಷ್ಟೇ ಉಳಿಯುತ್ತದೆ. ಕೇಳಿದ ಮಾತು ಕಂಡ ಮಾತಿನ ವೇಷ ಹಾಕಿಕೊಂಡು ಬೀದಿಗೆ ಇಳಿಯುತ್ತದೆ.

ಆ ಹಾಡುಗಾರನ ವಿಷಯದಲ್ಲಿ ನಡೆದದ್ದು ಇಷ್ಟು. ಬೀಟಲ್ಸ್ ಎಂಬ ನಾಲ್ವರ ಮೇಳ 1969ರ ಸೆಪ್ಟೆಂಬರಿನಲ್ಲಿ ‘ಅಬೆ ರೋಡ್’ ಎಂಬ ಧ್ವನಿಮುದ್ರಿಕೆ ತಂದಿತು. ಅದರ ಹೊದಿಕೆಯ ಮೇಲೆ ನಾಲ್ವರೂ ರಸ್ತೆ ದಾಟುವ ಚಿತ್ರ. ಮೆಕಾರ್ಟ್ನಿಯ ಕಾಲಲ್ಲಿ ಮೆಟ್ಟು ಇಲ್ಲ. ಅಮೆರಿಕದ ಹುಡುಗರು ಅದನ್ನು ನೋಡಿ, ಬಿಳಿ ಬಟ್ಟೆಯವನು ಪುರೋಹಿತ, ಕಪ್ಪು ಬಟ್ಟೆಯವನು ಶವ ಸಾಗಿಸುವವನು, ಬರಿಗಾಲಿನವನು ಹೆಣ ಎಂದು ಅರ್ಥ ಕಟ್ಟಿದರು. ಹಿಂದೆ ನಿಂತ ಕಾರಿನ ನಂಬರಿನಲ್ಲಿ ‘28’ ಇತ್ತು. ‘ಬದುಕಿದ್ದರೆ ಅವನಿಗೆ 28 ವರ್ಷ’ ಎಂದರು. ಅವನು ಹುಟ್ಟಿದ್ದು 1942ರ ಜೂನಿನಲ್ಲಿ; ಆಗ ಅವನಿಗೆ 27. ಲೆಕ್ಕವೂ ತಪ್ಪು! ಮಿಷಿಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಪತ್ರಿಕೆಯಲ್ಲಿ ಒಬ್ಬ ಹುಡುಗ ಇಂಥ ಕುರುಹುಗಳ ಪಟ್ಟಿಯನ್ನೇ ಬರೆದ. ಅವುಗಳಲ್ಲಿ ಹಲವನ್ನು ತಾನೇ ಕಲ್ಪಿಸಿದೆನೆಂದು ಆಮೇಲೆ ಒಪ್ಪಿಕೊಂಡ. ಆದರೆ ಬೆಂಕಿ ಹತ್ತಿಯಾಗಿತ್ತು.

ಹೊಗೆ ಕಂಡಲ್ಲಿ ಬೆಂಕಿ ಇದೆ ಎನ್ನುವುದು ಅನುಮಾನ ಪ್ರಮಾಣ. ಏಕೆಂದರೆ ನಿತ್ಯ ಅಡುಗೆಮನೆಯಲ್ಲಿ ಹೊಗೆ ಬೆಂಕಿಗಳ ಸಂಬಂಧವನ್ನು ನಾವು ಕಂಡಿದ್ದೇವೆ. ಅದಕ್ಕೆ ವ್ಯಾಪ್ತಿ ಎಂದು ಹೆಸರು. ಬರಿಗಾಲಿದ್ದಲ್ಲಿ ಸಾವಿದೆ ಎಂಬ ವ್ಯಾಪ್ತಿಯನ್ನು ಯಾರು ಎಲ್ಲಿ ಕಂಡರು? ಹಾಗಿದ್ದರೆ ಮೆಟ್ಟುಗಳನ್ನು ಹೊರಗೆ ಬಿಟ್ಟು ಈ ಮಂಟಪದಲ್ಲಿ ಕುಳಿತಿರುವ ನಿಮ್ಮೆಲ್ಲರ ಗತಿ ಏನು? ಕಾಗೆ ಕುಳಿತದ್ದಕ್ಕೂ ತಾಳೆಹಣ್ಣು ಬಿದ್ದದ್ದಕ್ಕೂ ಗಂಟು ಹಾಕುವ ಕಾಕತಾಳೀಯ ನ್ಯಾಯವಿದು.

1969ರ ನವೆಂಬರಿನಲ್ಲಿ ‘ಲೈಫ್’ ಪತ್ರಿಕೆ ಹೆಂಡತಿ ಮಕ್ಕಳೊಂದಿಗಿದ್ದ ಅವನ ಚಿತ್ರವನ್ನು ಮುಖಪುಟದಲ್ಲಿಯೇ ಅಚ್ಚುಹಾಕಿತು. ನಂಬಿದವರು ಏನೆಂದಾರು? ‘ನೋಡಿದಿರಾ, ಇವನೇ ಆ ಬದಲಿ ಮನುಷ್ಯ!’ ಎಂದಾರು. ಸತ್ತದ್ದಕ್ಕೆ ಸಾಕ್ಷಿ ಸಿಕ್ಕರೂ ತಮ್ಮ ಮಾತು ನಿಜ, ಬದುಕಿದ್ದಕ್ಕೆ ಸಾಕ್ಷಿ ಸಿಕ್ಕರೂ ತಮ್ಮ ಮಾತೇ ನಿಜ. ಸೋಲುವುದಕ್ಕೆ ದಾರಿಯೇ ಇಲ್ಲದ ಮಾತು ಗೆದ್ದ ಮಾತಲ್ಲ, ಬಂಧುಗಳೆ. ಅದು ವಾದವೇ ಅಲ್ಲ. ಇಷ್ಟಾದರೂ ಆ ಹಾಡುಗಾರ ಪುಣ್ಯವಂತ. ಬದುಕಿದ್ದು, ನಕ್ಕು, 1993ರಲ್ಲಿ ಅದೇ ರಸ್ತೆಯ ಚಿತ್ರವನ್ನು ಅಣಕಿಸಿ ಇನ್ನೊಂದು ಧ್ವನಿಮುದ್ರಿಕೆ ತಂದ. ಎಲ್ಲರಿಗೂ ಆ ಭಾಗ್ಯ ಇರುವುದಿಲ್ಲ.

ಹಾಗಾದರೆ ಜನ ಏಕೆ ನಂಬುತ್ತಾರೆ? ಅವರೆಲ್ಲ ಮೂರ್ಖರೆ? ಅಲ್ಲ. ಓದಿದವರೂ ನಂಬುತ್ತಾರೆ. ಇದು ಬುದ್ಧಿಯ ದೋಷಕ್ಕಿಂತ ಮನಸ್ಸಿನ ದೋಷ.

ಒಂದನೆಯದು, ದೊಡ್ಡ ಕಾರ್ಯಕ್ಕೆ ದೊಡ್ಡ ಕಾರಣವೇ ಇರಬೇಕೆಂಬ ಹಟ. ಆನೆ ಸತ್ತಿತೆಂದರೆ ಸಿಂಹವೇ ಕೊಂದಿರಬೇಕು ಎನ್ನುತ್ತೇವೆ. ಕಾಲಿಗೆ ಮುಳ್ಳು ಚುಚ್ಚಿ, ಕೀವಾಗಿ ಸತ್ತಿತು ಎಂದರೆ ಒಪ್ಪುವುದಿಲ್ಲ. ಲಕ್ಷಾಂತರ ಜನರನ್ನು ತಣಿಸಿದ ಕಂಠ ಒಂದು ಜ್ವರಕ್ಕೆ ನಿಂತುಹೋಯಿತು ಎಂದರೆ ಮನಸ್ಸು ಕಂಗಾಲಾಗುತ್ತದೆ. ಯಾರೋ ಕೊಂದರು ಎಂದರೆ ಸಿಟ್ಟು ಬರುತ್ತದೆ. ದುಃಖವನ್ನು ಹೊರುವುದಕ್ಕಿಂತ ಸಿಟ್ಟನ್ನು ಹೊರುವುದು ಸುಲಭ.

ಎರಡನೆಯದು, ಇನ್ನೊಬ್ಬರ ಸಾಧನೆಯ ಎದುರು ನಮಗಾಗುವ ನಾಚಿಕೆ. ಇಟಲಿಯ ಜಿನೋವಾದಲ್ಲಿ 1782ರಲ್ಲಿ ಹುಟ್ಟಿದ ಪಗನಿನಿ ಎಂಬ ಪಿಟೀಲು ವಾದಕನಿದ್ದ. ಏಳರ ವಯಸ್ಸಿಗೆ ಪಿಟೀಲು ಹಿಡಿದವನು, ತಂದೆಯ ಕಟ್ಟುನಿಟ್ಟಿನಲ್ಲಿ ದಿನವೂ ತಾಸುಗಟ್ಟಲೆ ಅಭ್ಯಾಸ ಮಾಡಿದವನು. ಒಂದೇ ತಂತಿಯ ಮೇಲೆ ಇಡೀ ಕೃತಿ ನುಡಿಸುತ್ತಿದ್ದ. ಜನ ಏನೆಂದರು? ‘ಸೈತಾನನಿಗೆ ಆತ್ಮ ಮಾರಿಕೊಂಡಿದ್ದಾನೆ’ ಎಂದರು. ತಾನು ಮನುಷ್ಯರ ಮಗನೇ ಎಂದು ತೋರಿಸಲು ಅವನು ತನ್ನ ತಾಯಿಯ ಪತ್ರವನ್ನು ಅಚ್ಚುಹಾಕಿಸಬೇಕಾಯಿತು! 1840ರಲ್ಲಿ ಅವನು ನೀಸ್ ಪಟ್ಟಣದಲ್ಲಿ ತೀರಿಕೊಂಡಾಗ, ಅಂತ್ಯಕಾಲದ ಸಂಸ್ಕಾರ ಆಗಿರಲಿಲ್ಲವೆಂಬ ಕಾರಣಕ್ಕೆ, ಈ ಅಪವಾದವೂ ಸೇರಿ, ಅಲ್ಲಿಯ ಧರ್ಮಾಧಿಕಾರಿಗಳು ಹೂಳಲು ಪವಿತ್ರಭೂಮಿ ಕೊಡಲಿಲ್ಲ. ಆ ದೇಹ ಊರಿಂದ ಊರಿಗೆ ಅಲೆದು ಪಾರ್ಮಾದ ಮಣ್ಣು ಸೇರಿದ್ದು 1876ರಲ್ಲಿ. ಮೂವತ್ತಾರು ವರ್ಷ! ಅವನ ಕೈಗೆ ಅಭ್ಯಾಸದಿಂದ ಬಂದದ್ದು ಎಂದರೆ, ನಾವೇಕೆ ಅಭ್ಯಾಸ ಮಾಡಲಿಲ್ಲ ಎಂಬ ಪ್ರಶ್ನೆ ಏಳುತ್ತದೆ. ಸೈತಾನನಿಂದ ಬಂದದ್ದು ಎಂದರೆ ಆ ಪ್ರಶ್ನೆಯೇ ಇಲ್ಲ, ಹಾಯಾಗಿ ಮಲಗಬಹುದು.

ಮೂರನೆಯದು, ಗುಟ್ಟು ಬಲ್ಲೆನೆಂಬ ಅಹಂಕಾರ. ಇದನ್ನು ವಿವರಿಸಬೇಕಾದದ್ದಿಲ್ಲ, ‘ಯಾರಿಗೂ ಹೇಳಬ್ಯಾಡ್ರಿ’ ಎಂದು ಪ್ರಾರಂಭವಾಗುವ ಮಾತಿನ ರುಚಿ ನಿಮಗೆಲ್ಲ ಗೊತ್ತು.

ಈ ಮೂರೂ ಕೂಡಿದರೆ ಒಬ್ಬ ನಿರಪರಾಧಿ ಏನಾಗುತ್ತಾನೆ ಎಂಬುದಕ್ಕೆ ವಿಯೆನ್ನಾ ನಗರದ ಒಂದು ದೃಷ್ಟಾಂತ ಕೇಳಿರಿ. ಮೊಜಾರ್ಟ್ ಎಂಬ ಮಹಾ ಸಂಗೀತಗಾರ 1791ರ ಡಿಸೆಂಬರ್ 5ರಂದು, ಕೇವಲ 35ನೆಯ ವಯಸ್ಸಿನಲ್ಲಿ, ಜ್ವರದಿಂದ ತೀರಿಕೊಂಡ. ಮೈ ಬಾತುಕೊಂಡಿತ್ತು. ವಿಷವಿರಬಹುದು ಎಂಬ ಮಾತು ಕೆಲವೇ ವಾರಗಳಲ್ಲಿ ಬರ್ಲಿನ್ ಪತ್ರಿಕೆಯೊಂದರಲ್ಲಿ ಬಂದಿತು. ಸಾವಾಯಿತು, ವಿಷವಾಯಿತು, ಇನ್ನು ವಿಷ ಹಾಕಿದವನು ಬೇಕಲ್ಲವೆ? ಅರಮನೆಯ ಸಂಗೀತದ ಮುಖ್ಯಸ್ಥನಾಗಿದ್ದ ಸಾಲಿಯೇರಿ ಎಂಬಾತನ ಮೇಲೆ ಜನರ ಬೆರಳು ತಿರುಗಿತು.

ಈ ಸಾಲಿಯೇರಿ ಎಂಥವನು? ಮತ್ಸರಪಡುವುದಕ್ಕೆ ಕಾರಣವಿತ್ತೆ? ಮೊಜಾರ್ಟ್ ಪಡೆಯದ ಹಿರಿಯ ಸ್ಥಾನ ಅವನ ಕೈಯಲ್ಲಿಯೇ ಇತ್ತು. ಸಾಯುವುದಕ್ಕೆ ಎರಡು ತಿಂಗಳ ಮೊದಲು ಮೊಜಾರ್ಟ್ ಹೆಂಡತಿಗೆ ಬರೆದ ಪತ್ರದಲ್ಲಿ, ತನ್ನ ಹೊಸ ಸಂಗೀತ ನಾಟಕ ನೋಡಲು ಸಾಲಿಯೇರಿ ಬಂದು ಮನಸಾರೆ ಮೆಚ್ಚಿದನೆಂದು ಸಂತೋಷಪಟ್ಟಿದ್ದಾನೆ. ಬೀಥೋವನ್, ಶೂಬರ್ಟ್, ಲಿಸ್ಟ್ ಇವರೆಲ್ಲ ಸಾಲಿಯೇರಿಯ ಬಳಿ ಪಾಠ ಹೇಳಿಸಿಕೊಂಡವರು. ಬಡ ಹುಡುಗರಿಂದ ಅವನು ಹಣ ಮುಟ್ಟುತ್ತಿರಲಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಮೊಜಾರ್ಟನ ಕಿರಿಯ ಮಗನೇ ಅವನ ಶಿಷ್ಯ. ತಾಯಂದಿರೆ, ನೀವೇ ಹೇಳಿರಿ: ಗಂಡನಿಗೆ ವಿಷ ಹಾಕಿದವನ ಮನೆಗೆ ಯಾವ ಹೆಂಗಸು ತನ್ನ ಮಗನನ್ನು ಪಾಠಕ್ಕೆ ಕಳಿಸಿಯಾಳು?

ಆದರೂ ಮಾತು ನಿಲ್ಲಲಿಲ್ಲ. 1823ರಲ್ಲಿ ಮುಪ್ಪಿನಿಂದ ಬುದ್ಧಿ ಮಂಕಾಗಿ ಸಾಲಿಯೇರಿ ಆಸ್ಪತ್ರೆಯಲ್ಲಿದ್ದಾಗ, ‘ಅವನೇ ಒಪ್ಪಿಕೊಂಡನಂತೆ’ ಎಂದು ಊರೆಲ್ಲ ಗುಲ್ಲಾಯಿತು. ನೋಡಲು ಬಂದ ಮೊಷೆಲೆಸ್ ಎಂಬ ಕಲಾವಿದನಿಗೆ ಆ ಮುದುಕ, ಈ ಅಪವಾದದಲ್ಲಿ ಸತ್ಯವಿಲ್ಲ, ಲೋಕಕ್ಕೆ ತಿಳಿಸು ಎಂದು ಕೇಳಿಕೊಂಡ. ಮೊಜಾರ್ಟ್ ತೀರಿಕೊಂಡ ಕಾಲದಲ್ಲಿ ಅದೇ ಜ್ವರ ನಗರದಲ್ಲಿ ಅನೇಕರಿಗೆ ಬಂದಿತ್ತೆಂದು ವೈದ್ಯರೊಬ್ಬರು 1824ರಲ್ಲಿ ಬರೆದು ತಿಳಿಸಿದರು. ಕೇಳುವವರು ಯಾರು? 1825ರಲ್ಲಿ ಸಾಲಿಯೇರಿ ಅಪವಾದ ಹೊತ್ತೇ ಹೋದ. 1830ರಲ್ಲಿ ರಷ್ಯದ ಕವಿ ಪುಷ್ಕಿನ್ ಇದನ್ನೇ ನಾಟಕ ಮಾಡಿದ. 1979ರಲ್ಲಿ ಇಂಗ್ಲಿಷಿನಲ್ಲಿ ಮತ್ತೊಂದು ನಾಟಕ, 1984ರಲ್ಲಿ ಅದರ ಸಿನಿಮಾ. ಅವನ ಸಂಗೀತ ಕೇಳದವರಿಗೂ ಅವನ ‘ಅಪರಾಧ’ ಗೊತ್ತು!

ಇಷ್ಟು ದೂರದ ಕಥೆ ನಮಗೇಕೆ ಎಂದು ನೀವು ಕೇಳಬಹುದು. ರಾತ್ರಿ ಇದನ್ನು ಓದುವಾಗ ನಮಗೆ ನಿದ್ರೆ ಬರಲಿಲ್ಲ. ಅದರ ಕಾರಣವನ್ನು ಇಂದು ನಿಮ್ಮ ಮುಂದೆ ಮುಚ್ಚಿಡುವುದಿಲ್ಲ.

ನಾವು ಇದೇ ಮಠದಲ್ಲಿ ಓದುತ್ತಿದ್ದ ಕಾಲ. ಪ್ರತಿ ಜಾತ್ರೆಯಲ್ಲಿ ಹಿರಿಯ ಗವಾಯಿಗಳೊಬ್ಬರು ಹಾಡುತ್ತಿದ್ದರು. ಅವರಿಗಿಂತ ಮೊದಲು ಇನ್ನೊಬ್ಬ ಗಾಯಕರು ಹಾಡುವರು. ಹಾಡು ಮುಗಿಸಿ, ಹಿರಿಯರಿಗೆ ತಾವೇ ಎಲೆ ಮಡಚಿ ಕೊಡುವರು. ಒಂದು ವರ್ಷ ಹಿರಿಯರು ತಂಬೂರಿಗೆ ಶ್ರುತಿ ಕೂಡಿಸಿ ಬಾಯಿ ತೆರೆದರೆ ಸ್ವರವೇ ಏಳಲಿಲ್ಲ. ಮರುದಿನ ದಾಸೋಹದ ಪಂಕ್ತಿಯಲ್ಲಿ ಮಾತು ಹುಟ್ಟಿತು: ‘ಎಲಿಯಾಗ ಸಿಂಧೂರ ಹಾಕಿ ಕೊಟ್ಟನಂತ.’ ಕಂಡವರು ಒಬ್ಬರೂ ಇಲ್ಲ. ಪ್ರಸಾದ ನೀಡುತ್ತಿದ್ದ ಹುಡುಗರಲ್ಲಿ ನಾವೂ ಒಬ್ಬರು. ಒಂದು ಪಂಕ್ತಿಯಲ್ಲಿ ಕೇಳಿದ ಮಾತನ್ನು ಮುಂದಿನ ಪಂಕ್ತಿಗೆ ಸಾರಿನ ಜೊತೆಗೆ ನಾವೂ ಬಡಿಸಿದೆವು. ಬಡಿಸುವಾಗ ‘ಕೊಟ್ಟನಂತೆ’ ಎನ್ನಲಿಲ್ಲ, ‘ಕೊಟ್ಟ’ ಎಂದೆವು.

ಮರುವರ್ಷದಿಂದ ಆ ಗಾಯಕರಿಗೆ ಕರೆ ಹೋಗಲಿಲ್ಲ. ಬೇರೆ ಊರುಗಳ ಕರೆಗಳೂ ನಿಂತವು. ಅವರು ಊರನ್ನೇ ಬಿಟ್ಟರು. ಎಷ್ಟೋ ದಿನಗಳ ಮೇಲೆ ಹಿರಿಯ ಗವಾಯಿಗಳೇ ಬಂದು ಗುರುಗಳ ಮುಂದೆ ಹೇಳಿದರು: ಗಂಟಲಲ್ಲಿ ಗಡ್ಡೆಯಾಗಿತ್ತು, ಜಾತ್ರೆಗಿಂತ ಮೂರು ತಿಂಗಳು ಮೊದಲೇ ಸ್ವರ ಒಡೆಯುತ್ತಿತ್ತು, ಹೇಳಿಕೊಳ್ಳಲು ನಾಚಿ ಮುಚ್ಚಿಟ್ಟಿದ್ದೆ ಎಂದು. ನಾವು ಪೀಠಕ್ಕೆ ಬಂದ ಮೇಲೆ ಆ ಗಾಯಕರನ್ನು ಹುಡುಕಲು ಜನ ಕಳಿಸಿದೆವು. ಅವರು ಆಗಲೇ ಲಿಂಗೈಕ್ಯರಾಗಿದ್ದರು. ಅವರ ಮನೆಯವರು ಹೇಳಿಕಳಿಸಿದ ಮಾತು ಇಷ್ಟು: ‘ಮಠದ ಮ್ಯಾಲೆ ಅವರಿಗೆ ಸಿಟ್ಟಿರಲಿಲ್ರಿ. ಆದರ ಅಲ್ಲಿಂದ ಮುಂದ ಅವರು ಯಾರಿಗೂ ಎಲಿ ಮಡಚಿ ಕೊಡಲಿಲ್ಲ.’

ಬಂಧುಗಳೆ, ಆ ಎಲೆಯಲ್ಲಿ ವಿಷವಿರಲಿಲ್ಲ. ವಿಷವಿದ್ದದ್ದು ನಮ್ಮ ನಾಲಿಗೆಯಲ್ಲಿ.

ಆದ್ದರಿಂದ ನಾವು ಕೇಳುವ ಕಾಣಿಕೆ ಒಂದೇ. ದೊಡ್ಡವರೊಬ್ಬರು ತೀರಿಕೊಂಡಾಗ ಅತ್ತುಬಿಡಿರಿ. ಕಾರಣಕ್ಕಾಗಿ ಹಗೆಯನ್ನು ಹುಡುಕಬೇಡಿರಿ. ಕಲಾವಿದರೊಬ್ಬರು ಬೆರಗುಗೊಳಿಸಿದಾಗ ಅವರ ಅಭ್ಯಾಸಕ್ಕೆ ಕೈ ಮುಗಿಯಿರಿ. ಕೇಳಿದ ಮಾತನ್ನು ಮನಸ್ಸಿನಲ್ಲಿಯೇ ನಿಲ್ಲಿಸಿ, ‘ಕಂಡವರು ಯಾರು? ಇದು ಸುಳ್ಳಾದರೆ ಯಾರ ಬಾಳು ಹೋಗುತ್ತದೆ?’ ಎಂದು ಕೇಳಿಕೊಳ್ಳಿರಿ. ಹೇಳಲೇಬೇಕಾಗಿ ಬಂದರೆ ‘ಅಂತೆ’ಯನ್ನು ಉದುರಿಸದೆ ಹೇಳಿರಿ. ಆ ಎರಡಕ್ಷರವನ್ನು ನಾವು ಒಮ್ಮೆ ಬಿಟ್ಟುಕೊಟ್ಟು ಕೆಟ್ಟಿದ್ದೇವೆ; ನೀವು ಬಿಡಬೇಡಿರಿ.

ಆ ಹುಡುಗ ಅಗೋ ಅಲ್ಲಿ ಕಂಬದ ಬಳಿ ಕುಳಿತಿದ್ದಾನೆ. ‘ಖರೇ ಏನ್ರಿ’ ಎಂದು ಕೇಳಿಯಾದರೂ ಕೇಳಿದ. ಅಂದು ಪಂಕ್ತಿಯಲ್ಲಿ ನಾವು ಅಷ್ಟನ್ನೂ ಕೇಳಿರಲಿಲ್ಲ.