ಮೂಲೆಗಂಬ
(ಬಾನುಲಿ ಭಾಷಣ)

ನಮ್ಮ ಗಾದೆಗಳಲ್ಲಿ ಬೇಲಿಗೆ ಒಳ್ಳೆಯ ಹೆಸರಿಲ್ಲ. ಬೇಲಿಯೇ ಎದ್ದು ಹೊಲ ಮೇಯಿತು ಎನ್ನುತ್ತೇವೆ. ಓತಿಕೇತಕ್ಕೆ ಬೇಲಿ ಸಾಕ್ಷಿ ಎನ್ನುತ್ತೇವೆ. ಕಾಯಬೇಕಾದುದೇ ಕಬಳಿಸುವುದನ್ನು ಒಂದು ಗಾದೆ ಹೇಳಿದರೆ, ನಂಬಲಾಗದ ಸಾಕ್ಷಿಯನ್ನು ಕುರಿತು ಇನ್ನೊಂದು ಹೇಳುತ್ತದೆ. ಇವೆರಡೂ ಅಕ್ಷರಶಃ ನಿಜವೆಂಬುದು ನನಗೆ ತಿಳಿದದ್ದು, ನಮ್ಮ ತೋಟದ ಹಳೆಯ ಬೇಲಿಯನ್ನು ಕಡಿಸಿ, ಸಿಮೆಂಟಿನ ಕಂಬ ನೆಡಿಸಿ, ಚೈನ್‌ಲಿಂಕ್ ಎಂದು ಕರೆಯುವ ತಂತಿಯ ಜಾಲರಿಯನ್ನು ಹಾಕಿಸಲು ಹೊರಟಾಗ.

ನಮ್ಮ ತೋಟಕ್ಕೂ ದೊಡ್ಡಪ್ಪನವರ ಹೊಲಕ್ಕೂ ನಡುವೆ ಇದ್ದುದು ಕತ್ತಾಳೆ, ಲಕ್ಕಿ, ಆಡುಸೋಗೆಗಳ ಹಸಿರು ಬೇಲಿ. ಪಾಲಾದ ವರ್ಷ ನಮ್ಮ ತಂದೆಯವರೇ ಅದನ್ನು ನೆಟ್ಟಿದ್ದರಂತೆ. ಅದು ಬರಿಯ ಬೇಲಿಯಾಗಿರಲಿಲ್ಲ. ಹಗ್ಗಕ್ಕೆ ನಾರು ಬೇಕೆಂದರೆ ಕತ್ತಾಳೆ, ಕೆಮ್ಮಿಗೆ ಆಡುಸೋಗೆಯ ಕಷಾಯ, ಮೈಕೈ ನೋವಿಗೆ ಲಕ್ಕಿಸೊಪ್ಪು ಹಾಕಿ ಕಾಯಿಸಿದ ನೀರಿನ ಸ್ನಾನ. ಅದರ ಬುಡದಲ್ಲಿ ಮುಂಗುಸಿಯ ಸಂಸಾರ, ನೆತ್ತಿಯಲ್ಲಿ ಪಿಕಳಾರದ ಗೂಡು. ಇಷ್ಟು ಉಪಕಾರಿಯಾದ ಬೇಲಿಗೆ ಒಂದು ದೋಷವಿತ್ತು. ಜೀವವುಳ್ಳದ್ದು ನಿಂತಲ್ಲಿ ನಿಲ್ಲುವುದಿಲ್ಲ. ಕತ್ತಾಳೆ ಬುಡದಲ್ಲಿ ಮರಿ ಹಾಕುತ್ತದೆ, ಲಕ್ಕಿ ಬಾಗಿದ ಕಡೆಗೆ ಹಬ್ಬುತ್ತದೆ. ಒಬ್ಬನು ತನ್ನ ಕಡೆಯದನ್ನು ವರ್ಷವರ್ಷವೂ ಸವರುತ್ತ ಬಂದು, ಇನ್ನೊಬ್ಬನು ಸುಮ್ಮನಿದ್ದರೆ, ಸುಮ್ಮನಿದ್ದವನ ಕಡೆಗೆ ಬೇಲಿ ಸದ್ದಿಲ್ಲದೆ ನಡೆಯುತ್ತದೆ. ನಮ್ಮ ತಂದೆಯವರು ಬಹಳ ಅಚ್ಚುಕಟ್ಟಿನ ಮನುಷ್ಯರು. ಪ್ರತಿವರ್ಷವೂ ತಪ್ಪದೆ ಸವರಿಸುತ್ತಿದ್ದರು.

ಬೇಲಿ ತನ್ನ ಹೊಲದೊಳಕ್ಕೆ ಬಂದಿದೆಯೆಂದು ದೊಡ್ಡಪ್ಪನವರ ಮಗ, ನಾವು ಅಣ್ಣಯ್ಯ ಎಂದು ಕರೆಯುವವನು, ಒಂದು ದಿನ ಹೇಳಿದ. ತಂದೆಯವರು ತೀರಿಕೊಂಡ ವರ್ಷವದು. ಸತ್ತವರ ಮೇಲೆ ಅಪವಾದ ಹೊರಿಸುತ್ತಿದ್ದಾನೆಂದು ನನಗೆ ಕೋಪ ಬಂತು. ಮಾತಿಗೆ ಮಾತು ಬೆಳೆಯಿತು. ಬೆಳೆದು, ಆಮೇಲೆ ನಿಂತೇ ಹೋಯಿತು. ಆರು ವರ್ಷ ಒಂದೇ ಊರಿನಲ್ಲಿ, ಒಂದೇ ದೇವಸ್ಥಾನದ ಪೌಳಿಯಲ್ಲಿ, ಮುಖ ತಿರುಗಿಸಿಕೊಂಡು ಓಡಾಡಿದೆವು. ಕಡೆಗೆ ನಾನು ಹದ್ದುಬಸ್ತಿಗೆ ಅರ್ಜಿ ಹಾಕಿದೆ. ಸರ್ಕಾರದ ಅಳತೆಯಾಗಲಿ, ಗಟ್ಟಿ ಬೇಲಿ ಏಳಲಿ, ಅವನ ಬಾಯಿ ಮುಚ್ಚಲಿ ಎಂಬುದು ನನ್ನ ಎಣಿಕೆ.

ಎಲ್ಲೆಯ ಜಗಳ ನಮ್ಮ ನಾಡಿಗೆ ಹೊಸದಲ್ಲ. ದಾನ ಕೊಟ್ಟ ಭೂಮಿಯ ಮೇರೆಯನ್ನು ನಮ್ಮ ಶಾಸನಗಳು ಹಳ್ಳ, ಮರ, ಗುಂಡು, ಹುತ್ತಗಳನ್ನು ಹೆಸರಿಸಿ ಎಷ್ಟು ಎಚ್ಚರದಿಂದ ಹೇಳುತ್ತವೆ! ಅಷ್ಟು ಸಾಲದೆಂದು ಗಡಿಯಲ್ಲಿ ಕಲ್ಲು ನೆಡಿಸುತ್ತಿದ್ದರು. ಶಿವಾಲಯದ ಭೂಮಿಗೆ ಲಿಂಗಮುದ್ರೆಯ ಕಲ್ಲು, ವೈಷ್ಣವರ ಭೂಮಿಗೆ ವಾಮನಮುದ್ರೆಯ ಕಲ್ಲು, ಬಸದಿಯ ಭೂಮಿಗೆ ಮುಕ್ಕೊಡೆಯ ಕಲ್ಲು. ಮೂರು ಅಡಿ ನೆಲವನ್ನು ಬೇಡಿದಂತೆ ಬೇಡಿ, ಲೋಕವನ್ನೇ ಅಳೆದುಕೊಂಡ ವಾಮನನನ್ನು ಎಲ್ಲೆಗಲ್ಲಿನ ಮೇಲೆ ಕೆತ್ತಿದ ಹಿರಿಯರ ವಿವೇಕ ದೊಡ್ಡದು. ನಮ್ಮ ಕಾಲದ ಬಾಂದುಕಲ್ಲು ಆ ವಂಶದ ಬಡ ಸಂತಾನ. ಅದಕ್ಕೆ ದೇವರ ಮುದ್ರೆಯಿಲ್ಲ, ದಾಖಲೆಯ ಬೆಂಬಲವಷ್ಟೇ ಉಂಟು.

ಭೂಮಾಪಕರು ಬಂದು ಅಳೆದರು. ಅವರು ತೋರಿಸಿದ ಕಡೆ ಕತ್ತಾಳೆಯನ್ನು ಕಡಿದು ಅಗೆದಾಗ ಕಲ್ಲು ಸಿಕ್ಕಿತು. ಅದಿದ್ದುದು ಬೇಲಿಯ ನಡುವಿನಲ್ಲಲ್ಲ. ನಡುವಿನಿಂದ ಮೂರು ಅಡಿ ನಮ್ಮ ಕಡೆಗೆ. ಅಂದರೆ ಅಷ್ಟಗಲದ ಅವನ ನೆಲವನ್ನು ನಮ್ಮ ಬೇಲಿ ಮೇಯ್ದಿತ್ತು. ಅಣ್ಣಯ್ಯ ಅಲ್ಲೇ ನಿಂತಿದ್ದ. ಒಂದು ಮಾತೂ ಆಡಲಿಲ್ಲ. ಅವನು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಕಲ್ಲಿನ ನೇರಕ್ಕೆ ಬೇಲಿ ಹಾಕಿಸುವುದೊಂದೇ ನನಗೆ ಉಳಿದ ಮಾರ್ಗ. ಈ ಹೊಸ ಬೇಲಿಯ ಸಾಮಗ್ರಿಗಳಿಗೂ ಒಂದು ಪೂರ್ವೋತ್ತರವಿದೆ. ಸಿಮೆಂಟಿನ ಒಳಗೆ ಕಬ್ಬಿಣವನ್ನು ಹುದುಗಿಸಿ ಗಟ್ಟಿಮಾಡುವ ಉಪಾಯಕ್ಕೆ 1867ರಲ್ಲಿ ಪೇಟೆಂಟ್ ಪಡೆದ ಜೋಸೆಫ್ ಮೋನಿಯೆ ಫ್ರಾನ್ಸಿನ ಒಬ್ಬ ತೋಟಗಾರ. ಅವನಿಗೆ ಬೇಕಾಗಿದ್ದುದು ಒಡೆಯದಂಥ ಗಿಡದ ತೊಟ್ಟಿಗಳು. ತಂತಿಯ ಬಲೆ ಹೆಣೆಯುವ ಯಂತ್ರವನ್ನು 1844ರಲ್ಲಿ ರೂಪಿಸಿದ ಚಾರ್ಲ್ಸ್ ಬರ್ನಾರ್ಡ್ ಇಂಗ್ಲೆಂಡಿನ ನಾರ್ವಿಚ್‌ನವನು. ಅದು ನೇಕಾರಿಕೆಗೆ ಹೆಸರಾದ ಊರು, ಅವನು ಮಾದರಿಯಾಗಿಟ್ಟುಕೊಂಡದ್ದು ಬಟ್ಟೆಯ ಮಗ್ಗವನ್ನೇ. ಹೀಗೆ ನಾವು ಒರಟೆಂದು ಭಾವಿಸುವ ಈ ಬೇಲಿಗೆ ತೋಟಗಾರನೂ ನೇಕಾರನೂ ಹಿರಿಯರು. ತಂತಿಗೆ ಬಳಿದಿರುವ ಸತುವಿನ ಗುಣವಂತೂ ಮೆಚ್ಚತಕ್ಕದ್ದು. ಗಾಳಿಗೂ ಮಳೆಗೂ ಮೊದಲು ತಾನು ಸವೆದು, ಒಳಗಿನ ಕಬ್ಬಿಣವನ್ನು ಅದು ಕಾಯುತ್ತದೆ. ಕಂಬದಲ್ಲಿಯೂ ಅಷ್ಟೇ, ಸರಳುಗಳ ಮೇಲೆ ಕಾಂಕ್ರೀಟಿನ ಹೊದಿಕೆ ತೆಳುವಾದರೆ ತೇವ ಒಳಸೇರಿ, ತುಕ್ಕು ಉಬ್ಬಿ, ಕಂಬವನ್ನು ಒಳಗಿನಿಂದಲೇ ಸೀಳುತ್ತದೆ.

ಕೆಲಸ ನೋಡುವುದಕ್ಕೆ ಸುಲಭ. ಏಳು ಅಡಿಯ ಕಂಬ. ಎರಡು ಅಡಿ ನೆಲದೊಳಗೆ, ಐದು ಅಡಿ ಮೇಲೆ. ಹತ್ತು ಅಡಿಗೊಂದರಂತೆ ಗುಂಡಿ ತೋಡಿ, ಕಂಬವನ್ನು ತೂಕದ ಗುಂಡಿನಿಂದ ನೆಟ್ಟಗೆ ನಿಲ್ಲಿಸಿ, ಸುತ್ತ ಕಾಂಕ್ರೀಟು ತುಂಬುವುದು. ಮೇಲೆ, ನಡುವೆ, ಕೆಳಗೆ ಮೂರು ಸಾಲು ತಂತಿ ಎಳೆದು, ಅವಕ್ಕೆ ಜಾಲರಿಯನ್ನು ಬಿಗಿದು ಕಟ್ಟುವುದು. ನಾನು ಆತುರಗಾರ, ಗುತ್ತಿಗೆಯ ಮೇಸ್ತ್ರಿ ನನಗಿಂತ ಆತುರಗಾರ. ಕಾಂಕ್ರೀಟು ಪೂರ್ಣ ಬಲಕ್ಕೆ ಬರಲು ಇಪ್ಪತ್ತೆಂಟು ದಿನ ಬೇಕೆನ್ನುತ್ತಾರೆ, ಮೊದಲ ವಾರವಾದರೂ ತಪ್ಪದೆ ನೀರುಣಿಸಬೇಕು. ನಾವು ಮೂರನೆಯ ದಿನಕ್ಕೇ ಜಾಲರಿ ಎಳೆದೆವು. ಎರಡು ವಾರ ಕಳೆಯುವುದರೊಳಗೆ ಮೂಲೆಯ ಕಂಬ ಒಂದು ಗೇಣು ವಾಲಿತು. ಅದು ವಾಲಿದೊಡನೆ ಇಡೀ ಸಾಲಿನ ಜಾಲರಿ ತೊಟ್ಟಿಲ ಬಟ್ಟೆಯಂತೆ ಜೋತುಬಿದ್ದಿತು.

ನಾನು ಅದನ್ನೇ ನೋಡುತ್ತ ನಿಂತಿದ್ದಾಗ ಬೇಲಿಯ ಆಚೆಯಿಂದ ದನಿ ಬಂತು: “ಮೂಲೆಗೆ ಆಸರೆ ಕೊಡದೆ ಎಳೆಸಿದ್ದೀಯಲ್ಲ, ನಿಂತೀತೇನಪ್ಪ?” ಆರು ವರ್ಷಗಳ ಮೇಲೆ ಅಣ್ಣಯ್ಯ ಆಡಿದ ಮೊದಲ ಮಾತು.

ಅವನು ಹೇಳಿದ್ದು ಸರಿಯಾಗಿತ್ತು. ಸಾಲಿನ ನಡುವಿನ ಕಂಬಕ್ಕೆ ಎರಡು ಕಡೆಯಿಂದಲೂ ಸಮನಾದ ಸೆಳೆತ. ಅದು ಸುಮ್ಮನೆ ನಿಂತರೆ ಸಾಕು. ಮೂಲೆಯ ಕಂಬಕ್ಕಾದರೋ ಇಡೀ ಸಾಲಿನ ಬಿಗಿಯನ್ನು ತಾನೊಂದೇ ತಡೆಯಬೇಕಾದ ಪಾಡು. ಆದಕಾರಣ ಬೇಲಿಯ ಎರಡು ಸಾಲುಗಳ ನೇರಕ್ಕೂ ಒಂದೊಂದು ಆಸರೆಗಂಬವನ್ನು ಓರೆಯಾಗಿ ಆನಿಸಿ, ಅದರ ಬುಡವನ್ನೂ ಕಾಂಕ್ರೀಟಿನಲ್ಲಿ ಹೂಳಬೇಕು. ಬೇಲಿಯ ಬಲ ಕಣ್ಣಿಗೆ ಕಾಣುವ ತಂತಿಯಲ್ಲಿಲ್ಲ. ಮೂಲೆಯಲ್ಲಿದೆ, ನೆಲದ ಕೆಳಗಿದೆ.

ಮೂಲೆಗಂಬವನ್ನು ಮತ್ತೆ ನೆಡಬೇಕಾಯಿತು. ಅದಕ್ಕೆ ಜಾಲರಿಯನ್ನು ನಡುವೆ ಬಿಡಿಸಬೇಕು. ಕತ್ತರಿಸಬೇಕಾದೀತೆಂದು ನಾನು ಅಂಜಿದ್ದೆ. ಮೇಸ್ತ್ರಿ ನಕ್ಕ. ಈ ಜಾಲರಿಯಲ್ಲಿ ಪ್ರತಿಯೊಂದು ತಂತಿಯೂ ಅಂಕುಡೊಂಕಾಗಿ ತಿರುಚಿಕೊಂಡು ಪಕ್ಕದ ತಂತಿಯೊಳಗೆ ಸೇರಿಕೊಂಡಿರುತ್ತದೆ. ಒಂದೇ ಒಂದು ತಂತಿಯ ತುದಿಯನ್ನು ಬಿಡಿಸಿ, ತಿರುಗಿಸುತ್ತ ಹೊರಗೆಳೆದರೆ ಜಾಲರಿ ಎರಡಾಗುತ್ತದೆ. ಅದೇ ತಂತಿಯನ್ನು ತಿರುಗಿಸುತ್ತ ಒಳಕ್ಕೆ ಬಿಟ್ಟರೆ ಎರಡು ಮತ್ತೆ ಒಂದಾಗುತ್ತದೆ, ಸೇರಿದ ಗುರುತೂ ಉಳಿಯುವುದಿಲ್ಲ. ಮನುಷ್ಯರ ನಡುವೆ ಅಷ್ಟು ಸಲೀಸಲ್ಲ. ಗುರುತು ಉಳಿದೇ ಉಳಿಯುತ್ತದೆ. ಆದರೂ ಬಿಡಿಸಬೇಕಾದದ್ದು ಎಷ್ಟೋ ಸಲ ಒಂದೇ ತಂತಿಯನ್ನು. ನನ್ನ ಪಾಲಿಗೆ ಅದು, “ನಮ್ಮಿಂದ ತಪ್ಪಾಗಿತ್ತು, ಅಣ್ಣಯ್ಯ” ಎಂಬ ನಾಲ್ಕು ಮಾತು. ಕಲ್ಲು ಸಿಕ್ಕ ದಿನವೇ ಹೇಳಬೇಕಾಗಿದ್ದುದನ್ನು ಕಂಬ ವಾಲಿದ ಮೇಲೆ ಹೇಳಿದೆ.

ಅವನು ಅದಕ್ಕೆ ಏನೂ ಉತ್ತರ ಕೊಡಲಿಲ್ಲ. ಕಂಬದ ನೇರ ನೋಡುವುದಕ್ಕೆ ಮೇಸ್ತ್ರಿ ದಾರ ಹಿಡಿಯಬೇಕಾಗಿತ್ತು. ದಾರಕ್ಕೆ ಎರಡು ತುದಿ. ಒಬ್ಬನಿಂದ ನೇರ ಬರುವುದಿಲ್ಲ. ಮೇಸ್ತ್ರಿ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು ಸುತ್ತಲೂ ನೋಡಿದ. ಅಣ್ಣಯ್ಯ ಪಂಚೆಯನ್ನು ಎತ್ತಿಕಟ್ಟಿಕೊಂಡು, ಇನ್ನೊಂದು ತುದಿಯನ್ನು ಹಿಡಿದು, ತನ್ನ ಹೊಲದ ಆ ಕೊನೆಯವರೆಗೆ ನಡೆದುಹೋದ. ಬಿಸಿಲಿನಲ್ಲಿ ದಾರ ಬಿಗಿಯಾಯಿತು. ಅಲ್ಲಿಂದಲೇ ಕೂಗಿದ: “ಇನ್ನೊಂದು ಬೆರಳು ನಿನ್ನ ಕಡೆಗೆ ಸರಿಸಬೇಕು, ನೋಡು.”

ಈ ಸಲ ನಾನು ವಾದಿಸಲಿಲ್ಲ. ಸರಿಸಿದೆ.